ಆಲೋಚನೆ: ಒಂದು ಮಾತು, ಎರಡು ಅರ್ಥ

ಕನ್ನಡದಲ್ಲಿ ‘ಆಲೋಚನೆ’ ಎಂದರೆ ವಿಚಾರ, ಯೋಜನೆ, ಮುಂದೇನು ಮಾಡಬೇಕೆಂಬ ಚಿಂತನೆ. ಮಗಳ ವಿವಾಹದ ಆಲೋಚನೆ, ಅಂಗಡಿಯನ್ನು ವಿಸ್ತರಿಸುವ ಆಲೋಚನೆ ಎಂದು ಜನರು ಆಡಿಕೊಳ್ಳುತ್ತಾರೆ. ಜೈನ ಶಾಸ್ತ್ರಗಳಲ್ಲಿ ಅದೇ ಶಬ್ದವು ಹಿಂದಕ್ಕೆ ಮುಖಮಾಡಿ ನಿಂತಿದೆ. ಆಗಿಹೋದುದನ್ನು ತಿರುಗಿ ನೋಡಿ, ತನ್ನಿಂದಾದ ದೋಷವನ್ನು ಮರೆಮಾಚದೆ ಗುರುವಿನ ಮುಂದೆ ನಿವೇದಿಸಿಕೊಳ್ಳುವುದಕ್ಕೆ ಅಲ್ಲಿ ಆಲೋಚನೆಯೆಂದು ಹೆಸರು. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಪ್ರಾಯಶ್ಚಿತ್ತದ ಒಂಬತ್ತು ಭೇದಗಳನ್ನು ಎಣಿಸುವಾಗ ಮೊಟ್ಟಮೊದಲು ಬರುವುದು ಇದೇ. ಪ್ರತಿಕ್ರಮಣಕ್ಕೆ ಎರಡನೆಯ ಸ್ಥಾನ.

ಇದು ಕೇವಲ ನಿಘಂಟಿಗೆ ಸಂಬಂಧಿಸಿದ ಸಂಗತಿಯಲ್ಲ. ಚೆನ್ನಾಗಿ ಬಾಳುವುದು ಹೇಗೆಂಬ ವಿದ್ಯೆಯನ್ನು ಮನುಷ್ಯನು ಯಾವ ಬಗೆಯಿಂದ ಕಲಿಯುತ್ತಾನೆಂಬ ಪ್ರಶ್ನೆ ಇದರಲ್ಲಿ ಅಡಗಿದೆ. ಗ್ರಂಥಗಳಿಂದ ಕಲಿಯಬಹುದು, ಪ್ರವಚನಗಳಿಂದ ಕಲಿಯಬಹುದು ಎಂಬ ಉತ್ತರಗಳು ಸುಳ್ಳಲ್ಲ. ಆದರೆ ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಿ, ದಿನಕ್ಕೊಂದು ಅಧ್ಯಾಯದಂತೆ, 357 ಸೂತ್ರಗಳ ಅರ್ಥವನ್ನು ವರ್ಷವರ್ಷವೂ ಕೇಳಿದ ಶ್ರಾವಕನು ಹನ್ನೊಂದನೆಯ ದಿನ ಅಂಗಡಿಯ ಬಾಗಿಲು ತೆರೆಯುವಾಗ ಬಹುಮಟ್ಟಿಗೆ ಹಿಂದಿನವನೇ ಆಗಿರುತ್ತಾನೆಂಬುದು ಎಲ್ಲರೂ ಕಂಡ ವಿಷಯ. ದೋಷ ಸೂತ್ರಗಳದ್ದಲ್ಲ, ಪಂಡಿತರದ್ದೂ ಅಲ್ಲ. ಕೇಳಿದ ಧರ್ಮವು ಆ ದಿನದ ಬದುಕನ್ನು ಮುಟ್ಟುವಂತೆ ಅವನನ್ನು ಯಾರೂ ಪ್ರಶ್ನಿಸಲಿಲ್ಲ.

ಅವನೇ ತನ್ನನ್ನು ಪ್ರಶ್ನಿಸಿಕೊಳ್ಳಬಹುದಲ್ಲವೇ? ಬಹುದು. ಆದರೆ ‘ನಾನು ಒಳ್ಳೆಯವನೋ’ ಎಂದು ಕೇಳಿಕೊಂಡವನಿಗೆ ಸಾಮಾನ್ಯವಾಗಿ ಒಳ್ಳೆಯ ಉತ್ತರವೇ ದೊರೆಯುತ್ತದೆ. ಪ್ರಶ್ನೆ ದೊಡ್ಡದಾದಷ್ಟೂ ತಪ್ಪಿಸಿಕೊಳ್ಳುವ ದಾರಿ ಅಗಲವಾಗುತ್ತದೆ. ಆಚಾರ್ಯರು ಇದನ್ನು ಬಲ್ಲವರಾದುದರಿಂದಲೇ ಗೃಹಸ್ಥನ ಒಂದೊಂದು ವ್ರತಕ್ಕೂ ಐದೈದು ಅತಿಚಾರಗಳನ್ನು ಹೇಳಿದರು. ಅತಿಚಾರಗಳೆಂದರೆ ಬಾಯಿಪಾಠ ಮಾಡಿ ಒಪ್ಪಿಸಬೇಕಾದ ಪಟ್ಟಿಯೆಂದು ಪಾಠಶಾಲೆಯ ಮಕ್ಕಳು ತಿಳಿಯುತ್ತಾರೆ. ಹಿರಿಯರಲ್ಲಿಯೂ ಹಲವರು ಹಾಗೆಯೇ ತಿಳಿದಿದ್ದಾರೆ. ವಾಸ್ತವವಾಗಿ ಅವು ಪ್ರಶ್ನೆಗಳು. ಅದರಲ್ಲಿಯೂ ಅಚೌರ್ಯಾಣುವ್ರತದ ಐದು ಅತಿಚಾರಗಳು ಪೇಟೆಯನ್ನು ಕಣ್ಣಾರೆ ಕಂಡವರು ಕೇಳುವ ಪ್ರಶ್ನೆಗಳು.

ಗಂಜಾಮಿನಂಥ ಊರಿನಲ್ಲಿ ನಿಂತು ಅವನ್ನು ಓದಿದರೆ ಅರ್ಥ ಸ್ಪಷ್ಟವಾಗುತ್ತದೆ. ಶ್ರೀರಂಗಪಟ್ಟಣದ ಕೋಟೆಯ ಪೂರ್ವಕ್ಕೆ ಅದೇ ದ್ವೀಪದ ಮೇಲಿರುವ ಈ ಪೇಟೆಗೆ ಟಿಪ್ಪು ಸುಲ್ತಾನನ ಕಾಲದಲ್ಲಿ ಶಹರ್ ಗಂಜಾಂ ಎಂದು ಹೆಸರು. ಇದನ್ನು ತುಂಬಿಸಲು ಸಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ತರಿಸಲಾಯಿತೆಂದು ಹಳೆಯ ಮೈಸೂರು ಗೆಜೆಟಿಯರ್ ಹೇಳುತ್ತದೆ. 1799ರ ಮೇ 4ರಂದು ಕೋಟೆ ಬಿದ್ದಾಗ ಪಟ್ಟಣ ಸೂರೆಹೋಯಿತು. ಸೈನಿಕರು ದೋಚಿದ ಆಭರಣಗಳನ್ನು ಬಿಡಿಗಾಸಿಗೆ ಮಾರಿದರು; ಕೊಂಡವರೂ ಇದ್ದರು. ಕೊಂಡವನು ಕಳ್ಳತನ ಮಾಡಲಿಲ್ಲ. ಮಾಡೆಂದು ಯಾರಿಗೂ ಹೇಳಲೂ ಇಲ್ಲ. ಆದರೂ ಸೂತ್ರವು ಅವನನ್ನು ಎರಡು ಕಡೆಗಳಿಂದ ಹಿಡಿಯುತ್ತದೆ. ಕಳ್ಳನು ತಂದುದನ್ನು ಕೊಳ್ಳುವುದು ‘ತದಾಹೃತಾದಾನ’. ರಾಜ್ಯದ ವ್ಯವಸ್ಥೆ ಕೆಟ್ಟ ವೇಳೆಯಲ್ಲಿ ಬೆಲೆಬಾಳುವ ವಸ್ತುವನ್ನು ನ್ಯಾಯವಲ್ಲದ ದಾರಿಯಿಂದ ಅಲ್ಪಬೆಲೆಗೆ ಪಡೆಯಲೆಳಸುವುದು ‘ವಿರುದ್ಧರಾಜ್ಯಾತಿಕ್ರಮ’. ಸರ್ವಾರ್ಥಸಿದ್ಧಿಯಲ್ಲಿ ಈ ವಿವರಣೆ ಕೊಟ್ಟ ಪೂಜ್ಯಪಾದರು ಕರ್ನಾಟಕದಲ್ಲಿ ಬಾಳಿದ ಆಚಾರ್ಯರು. ಶ್ರೀರಂಗಪಟ್ಟಣದ ಸೂರೆಗೆ ಸಾವಿರಕ್ಕೂ ಹೆಚ್ಚು ವರ್ಷ ಮೊದಲೇ ಅವರು ಈ ಕೊಳ್ಳುಗನನ್ನು ಕಂಡಿದ್ದರು. ಬರಗಾಲದಲ್ಲಿ ನೆರೆಯವನು ಮಾರುವ ಹೊಲ, ಸಾಲಕ್ಕೆ ಸಿಕ್ಕವನು ಒತ್ತೆಯಿಟ್ಟ ಒಡವೆ, ಇವುಗಳನ್ನು ಕೊಳ್ಳುವವನೂ ಆ ಪ್ರಶ್ನೆಯನ್ನು ಒಮ್ಮೆ ತನ್ನ ಮುಂದಿಟ್ಟುಕೊಳ್ಳಬೇಕಾಗುತ್ತದೆ.

ಸತ್ಯಾಣುವ್ರತದ ಅತಿಚಾರಗಳಲ್ಲಿ ‘ನ್ಯಾಸಾಪಹಾರ’ವೆಂಬುದೊಂದಿದೆ. ಒತ್ತೆಯಿಟ್ಟವನು ಎಷ್ಟಿಟ್ಟೆನೆಂಬುದನ್ನು ಮರೆತು ಕಡಿಮೆ ಕೇಳಿದಾಗ ‘ಹೌದು, ಅಷ್ಟೇ’ ಎಂದುಬಿಡುವುದು ನ್ಯಾಸಾಪಹಾರ. ಇಲ್ಲಿ ಸುಳ್ಳು ಹೇಳಿದವನಾರು? ತಪ್ಪು ಲೆಕ್ಕ ಹೇಳಿದವನು ಎದುರಿಗಿರುವವನೇ, ಇವನು ತಲೆಯಾಡಿಸಿದನಷ್ಟೆ. ಅಷ್ಟು ಸಣ್ಣ ತಲೆಯಾಟದೊಳಗೆ ಮೋಸ ಅವಿತಿರಬಲ್ಲದೆಂಬುದನ್ನು ಕಂಡ ಕಣ್ಣು ಸಾಮಾನ್ಯವಾದುದಲ್ಲ. ಬಸದಿಗಳ ಆಡಳಿತ ನೋಡುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಅಜ್ಜನ ಕಾಲದ ದತ್ತಿ ಯಾವುದಕ್ಕೆ, ಎಷ್ಟು ಎಂಬುದು ಮೊಮ್ಮಕ್ಕಳಿಗೆ ನೆನಪಿರುವುದಿಲ್ಲ. ನೆನಪಿರುವುದು ಟ್ರಸ್ಟಿನ ಹಳೆಯ ಪುಸ್ತಕಕ್ಕೆ ಮಾತ್ರ. ಇನ್ನು ಅಹಿಂಸಾಣುವ್ರತದ ‘ಅತಿಭಾರಾರೋಪಣ’ಕ್ಕೆ ಹೆಚ್ಚಿನ ವ್ಯಾಖ್ಯಾನ ಬೇಡ. ಪಾಂಡವಪುರದ ಕಡೆ ಕಬ್ಬು ಕಡಿಯುವ ಕಾಲದಲ್ಲಿ ರಸ್ತೆಯ ಬದಿಗೆ ನಿಂತು ಗಾಡಿಗಳನ್ನು ನೋಡಿದರೆ ಸಾಕು.

ಪ್ರಶ್ನೆಗಳು ಹೀಗೆ ಸಿದ್ಧವಾಗಿವೆ. ಅವನ್ನು ಕೇಳಿಕೊಳ್ಳುವುದಕ್ಕೆ ಹೊತ್ತೂ ಗೊತ್ತಾಗಿದೆ. ಸಾಮಾಯಿಕದ ಒಂದು ಮುಹೂರ್ತವೆಂದರೆ 48 ನಿಮಿಷ. ಸಾಮಾಯಿಕದಲ್ಲಿ ಕುಳಿತ ಗೃಹಸ್ಥನು ಬಟ್ಟೆ ಹೊದಿಸಲ್ಪಟ್ಟ ಮುನಿಯಂತಿರುತ್ತಾನೆಂಬುದು ಸಮಂತಭದ್ರರ ಅಭಿಪ್ರಾಯ. ಅದನ್ನು ಶಿಕ್ಷಾವ್ರತಗಳಲ್ಲಿ ಸೇರಿಸಿರುವುದೂ ಅರ್ಥಪೂರ್ಣ. ಶಿಕ್ಷೆಯೆಂದರೆ ಇಲ್ಲಿ ದಂಡನೆಯಲ್ಲ, ಅಭ್ಯಾಸ, ಕಲಿಕೆ. (ಕನ್ನಡದಲ್ಲಿ ಈ ಶಬ್ದವೂ ದಾರಿ ತಪ್ಪಿ ನ್ಯಾಯಾಲಯದ ಕಡೆಗೆ ಹೋಗಿದೆ.) ಈಜು ಕಲಿಯುವವನು ನೀರಿಗಿಳಿಯಬೇಕಾದಂತೆ ಸಮತೆಯನ್ನು ಕಲಿಯುವವನು ದಿನವೂ ಸಮತೆಯಲ್ಲಿ ಕೂಡಬೇಕೆಂಬ ಭಾವ ಆ ಹೆಸರಿನಲ್ಲಿದೆ.

ಒಬ್ಬನೇ ಕುಳಿತು ದಿನದ ಲೆಕ್ಕ ನೋಡುವ ಪದ್ಧತಿ ಬೇರೆ ದೇಶಗಳಲ್ಲಿಯೂ ಇತ್ತು. ಕ್ರಿಸ್ತಶಕ ಮೊದಲನೆಯ ಶತಮಾನದ ರೋಮಿನ ಸೆನೆಕ ಎಂಬ ದಾರ್ಶನಿಕನು ಕೋಪವನ್ನು ಕುರಿತ ತನ್ನ ಗ್ರಂಥದಲ್ಲಿ ಇದನ್ನು ವರ್ಣಿಸಿದ್ದಾನೆ. ರಾತ್ರಿ ದೀಪ ತೆಗೆದ ಮೇಲೆ, ಅವನ ಅಭ್ಯಾಸವನ್ನು ಬಲ್ಲ ಹೆಂಡತಿ ಮೌನವಾದ ಮೇಲೆ, ಅವನು ತನ್ನ ಇಡೀ ದಿನವನ್ನು ತನಿಖೆ ಮಾಡುತ್ತಿದ್ದ. ಯಾವುದನ್ನೂ ಬಚ್ಚಿಡುತ್ತಿರಲಿಲ್ಲವಂತೆ. ಕೊನೆಗೆ, ಇನ್ನೊಮ್ಮೆ ಹೀಗೆ ಮಾಡಬೇಡ, ಈ ಸಲ ಕ್ಷಮಿಸಿದ್ದೇನೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಆ ದೃಶ್ಯ ಸುಂದರವಾದುದು, ಆ ಅಭ್ಯಾಸ ಗೌರವಾರ್ಹವಾದುದು. ಆದರೆ ವ್ಯಾಪಾರಸ್ಥರಿಗೆ ಒಂದು ಸಂದೇಹ ಬಾರದಿರದು. ಲೆಕ್ಕ ಬರೆದವನೇ ಲೆಕ್ಕ ಪರಿಶೋಧಿಸಿ ಸಹಿ ಹಾಕುವುದನ್ನು ಯಾವ ಸಂಸ್ಥೆಯೂ ಒಪ್ಪುವುದಿಲ್ಲ. ಬರೆದವನು ಕಳ್ಳನೆಂದಲ್ಲ, ಬರೆಯುವಾಗ ಕಾಣದ ತಪ್ಪು ಅದೇ ಕಣ್ಣಿಗೆ ತಿರುಗಿ ಓದುವಾಗಲೂ ಕಾಣುವುದಿಲ್ಲವೆಂದು.

ಜೈನಾಚಾರ್ಯರು ಇನ್ನೂ ಮುಂದೆ ಹೋದರು. ತಪ್ಪು ಮಾಡುವ ಮನಸ್ಸು ತಪ್ಪೊಪ್ಪಿಕೊಳ್ಳುವಾಗಲೂ ಸುಮ್ಮನಿರುವುದಿಲ್ಲವೆಂದು ಅವರು ಕಂಡರು. ಮೂಲಾಚಾರದಲ್ಲಿಯೂ ಶಿವಾರ್ಯರ ಭಗವತೀ ಆರಾಧನೆಯಲ್ಲಿಯೂ ಆಲೋಚನೆಯ ಹತ್ತು ದೋಷಗಳನ್ನು ಹೇಳಿದೆ. ಕನ್ನಡಿಗರಿಗೆ ಈ ಎರಡನೆಯ ಗ್ರಂಥ ವಡ್ಡಾರಾಧನೆಯ 19 ಕಥೆಗಳ ಮೂಲಕ ದೂರದ ಬಂಧು. ಈ ಹತ್ತು ದೋಷಗಳು ಮೂಲತಃ ಮುನಿಗಳಿಗಾಗಿ ಹೇಳಿದವು. ಆದರೂ ಒಬ್ಬ ಗೃಹಸ್ಥನನ್ನು ಕಲ್ಪಿಸಿಕೊಂಡು ನೋಡಿದರೆ ಅವುಗಳ ಸೂಕ್ಷ್ಮತೆ ತಿಳಿಯುತ್ತದೆ.

ಮಂಡ್ಯ ಸೀಮೆಯ ಒಬ್ಬ ಬೆಲ್ಲದ ವ್ಯಾಪಾರಿ ಎಂದಿಟ್ಟುಕೊಳ್ಳೋಣ. ಆಲೆಮನೆಯಲ್ಲಿ ಕಬ್ಬಿನ ಹಾಲಿಗೆ ಹೈಡ್ರೋಸ್ ಎಂದು ಕರೆಯುವ ರಾಸಾಯನಿಕ ಹಾಕಿದರೆ ಅಚ್ಚುಗಳು ಹೊಂಬಣ್ಣಕ್ಕೆ ತಿರುಗುತ್ತವೆ. ಕಪ್ಪು ಬೆಲ್ಲಕ್ಕಿಂತ ಹೆಚ್ಚಿನ ದರ ಸಿಗುತ್ತದೆ. ಸಕ್ಕರೆ ಅಗ್ಗವಾದ ಕಾಲದಲ್ಲಿ ಅದನ್ನೇ ಬೆರೆಸಿ ಅಚ್ಚು ಹಾಕುವುದೂ ಉಂಟು. ಈ ವ್ಯಾಪಾರಿ ಸ್ವತಃ ಏನನ್ನೂ ಬೆರೆಸಿಲ್ಲ. ಆದರೆ ಬಣ್ಣ ನೋಡಿದೊಡನೆ ಅವನಿಗೆ ಒಳಗಿನ ಸಂಗತಿ ಗೊತ್ತಾಗುತ್ತದೆ. ಗೊತ್ತಿದ್ದೂ ಶುದ್ಧ ಬೆಲ್ಲವೆಂದು ಮಾರಿದ್ದಾನೆ. ನಕಲಿಯನ್ನು ಅಸಲಿಯೆಂದು ದಾಟಿಸುವುದು ಅಚೌರ್ಯದ ಐದನೆಯ ಅತಿಚಾರ, ‘ಪ್ರತಿರೂಪಕ ವ್ಯವಹಾರ’. ಅದು ಅವನ ಮನಸ್ಸನ್ನು ಚುಚ್ಚಿದೆ. ಹೇಳಿಕೊಳ್ಳಬೇಕೆಂದು ಹೊರಟಿದ್ದಾನೆ. ಇಷ್ಟು ಹೊತ್ತಿಗೇ ಅವನು ಬಹುಮಂದಿಗಿಂತ ಮೇಲಿನವನು.

ಮೊದಲು ಅವನು ಗುರುವಿಗೆ ಬೇಕಾದ ಸೇವೆಗಳನ್ನೆಲ್ಲ ಮಾಡುತ್ತಾನೆ, ಅವರ ಮನಸ್ಸು ತನ್ನ ಮೇಲೆ ಕರಗಿರಲೆಂದು. ಇದು ‘ಆಕಂಪಿತ’. ಆಮೇಲೆ ತನ್ನ ದೇಹಸ್ಥಿತಿ ಸರಿಯಿಲ್ಲ, ಹೆಚ್ಚಿನ ಉಪವಾಸ ತಾಳಲಾರೆನೆಂದು ಸೂಚಿಸಿ ದಂಡದ ಅಂದಾಜು ತೆಗೆದುಕೊಳ್ಳುತ್ತಾನೆ. ಇದು ‘ಅನುಮಾನಿತ’. ತೂಕದಲ್ಲಿ ತಪ್ಪಾದುದನ್ನು ಗಿರಾಕಿಯೊಬ್ಬ ನೋಡಿಬಿಟ್ಟಿದ್ದ, ಅದನ್ನು ಹೇಳುತ್ತಾನೆ. ಯಾರೂ ನೋಡದುದನ್ನು ಬಿಡುತ್ತಾನೆ. ಇದು ‘ದೃಷ್ಟ’. ದೊಡ್ಡದನ್ನು ಮಾತ್ರ ಹೇಳಿ ಸಣ್ಣದನ್ನು ಲೆಕ್ಕಕ್ಕೆ ತಾರದಿರುವುದು ‘ಬಾದರ’. ಅದಕ್ಕಿಂತ ನಯವಾದುದು ‘ಸೂಕ್ಷ್ಮ’. ರಾತ್ರಿ ಗಂಟೆ ಏಳಾದ ಮೇಲೆ ಒಂದು ಲೋಟ ಹಾಲು ಕುಡಿದೆನೆಂದು ಕಣ್ಣೀರು ತುಂಬಿ ಹೇಳುತ್ತಾನೆ. ಇಷ್ಟು ಸಣ್ಣ ದೋಷಕ್ಕೆ ನೊಂದುಕೊಳ್ಳುವವನಲ್ಲಿ ದೊಡ್ಡದು ಇದ್ದೀತೆಂದು ಯಾರು ಶಂಕಿಸುತ್ತಾರೆ? ಈ ಒಂದು ದೋಷವನ್ನು ಗುರುತಿಸಿದುದಕ್ಕಾಗಿಯೇ ಆಚಾರ್ಯರಿಗೆ ಕೈಮುಗಿಯಬೇಕು.

ಬೆಲ್ಲದ ಮಾತು ಇನ್ನೂ ಹೊರಗೆ ಬಂದಿಲ್ಲ. ಈಗ ಅವನು ಕೇಳುತ್ತಾನೆ: ಸ್ವಾಮೀ, ಒಬ್ಬ ವ್ಯಾಪಾರಿ ಕಲಬೆರಕೆಯ ಪದಾರ್ಥವನ್ನು ತಿಳಿದೂ ಮಾರಿದರೆ ಅವನಿಗೆ ಏನು ಪ್ರಾಯಶ್ಚಿತ್ತ? ಆ ‘ಒಬ್ಬ ವ್ಯಾಪಾರಿ’ ಯಾರೆಂದು ಹೇಳುವುದಿಲ್ಲ. ಇದು ‘ಛನ್ನ’. ಅಥವಾ ಪಾಕ್ಷಿಕ ಪ್ರತಿಕ್ರಮಣದಂದು, ಎಲ್ಲರೂ ಒಟ್ಟಿಗೆ ತಮ್ಮ ತಮ್ಮ ದೋಷ ಹೇಳುವ ಗದ್ದಲದ ನಡುವೆ, ಕೇಳಿದರೆ ಕೇಳಲಿ ಎಂಬಂತೆ ತನ್ನದನ್ನೂ ಹೇಳಿ ಮುಗಿಸುತ್ತಾನೆ. ಇದು ‘ಶಬ್ದಾಕುಲಿತ’. ಒಬ್ಬರು ಕೊಟ್ಟ ಪ್ರಾಯಶ್ಚಿತ್ತ ಭಾರವೆನಿಸಿ ಇನ್ನೊಬ್ಬರನ್ನು, ಮತ್ತೊಬ್ಬರನ್ನು ಕೇಳುತ್ತ ಹೋಗುವುದು ‘ಬಹುಜನ’. ವಿಷಯ ತಿಳಿಯದವರ ಮುಂದೆ ಹೇಳುವುದು ‘ಅವ್ಯಕ್ತ’. ಅದೇ ತಪ್ಪನ್ನು ತಾನೂ ಮಾಡುವವನ ಮುಂದೆ ಹೇಳುವುದು ‘ತತ್ಸೇವಿ’.

ಇಲ್ಲೊಂದು ಆಕ್ಷೇಪ ಬರಬಹುದು. ಜೀವಕ್ಕೆ ಜೀವವೇ ಶರಣು, ಒಬ್ಬನ ಕರ್ಮವನ್ನು ಇನ್ನೊಬ್ಬನು ಕಳೆಯಲಾರನೆಂಬುದು ಜೈನಧರ್ಮದ ಮೂಲತತ್ತ್ವ. ಹಾಗಿದ್ದಲ್ಲಿ ಕೇಳುವ ಗುರುವಿನ ಅಗತ್ಯವೇನು? ಉತ್ತರ ಸರಳ. ಗುರುವು ಕ್ಷಮಿಸುವುದಿಲ್ಲ. ಕ್ಷಮಿಸುವ ಅಧಿಕಾರ ತನಗಿದೆಯೆಂದು ಯಾವ ನಿರ್ಗ್ರಂಥಾಚಾರ್ಯನೂ ಹೇಳಿಲ್ಲ. ಅವನು ಕೇಳುತ್ತಾನೆ, ಕೇಳಿದುದನ್ನು ತೂಗುತ್ತಾನೆ, ಮುಂದಿನ ಹೆಜ್ಜೆ ತೋರುತ್ತಾನೆ. ಭಗವತೀ ಆರಾಧನೆಯಲ್ಲಿ ಆಲೋಚನೆಯನ್ನು ಕೇಳುವ ಆಚಾರ್ಯನಿಗೆ ಹೇಳಿದ ಎಂಟು ಗುಣಗಳಲ್ಲಿ ‘ಆಯಾಪಾಯದರ್ಶಿತ್ವ’ ಒಂದು. ಬಚ್ಚಿಟ್ಟರೆ ಆಗುವ ಹಾನಿಯೇನು, ಬಿಚ್ಚಿಟ್ಟರೆ ಬರುವ ಲಾಭವೇನೆಂಬುದನ್ನು ಎದುರಿಗಿರುವವನಿಗೆ ಕಾಣಿಸಬಲ್ಲವನಾಗಿರಬೇಕು. ಲಾಭನಷ್ಟದ ಈ ಭಾಷೆ ವಣಿಕರಿಗೆ ಅಪರಿಚಿತವಲ್ಲ. ಇನ್ನೊಂದು ಗುಣ ‘ಅಪರಿಸ್ರಾವಿತ್ವ’. ಕಾದ ಕಬ್ಬಿಣವು ಕುಡಿದ ನೀರು ಹೊರಗೆ ಒಸರದಂತೆ, ಕೇಳಿದ ದೋಷ ಅವನಿಂದ ಹೊರಗೆ ಒಸರಬಾರದು. ಗೃಹಸ್ಥರಿಗೂ ಇದೇ ನಿಯಮ. ಗುಟ್ಟನ್ನು ಬಯಲುಮಾಡುವ ‘ರಹೋಭ್ಯಾಖ್ಯಾನ’ ಸತ್ಯಾಣುವ್ರತದ ಅತಿಚಾರ. ನಿಜವನ್ನೇ ಹೇಳಿದರೂ ಅದು ಸತ್ಯಕ್ಕೆ ವಿರುದ್ಧ!

ಜೊತೆಯಲ್ಲಿ ಒಬ್ಬರಿದ್ದು ನಡೆಸುವ ಈ ಕ್ರಮಕ್ಕೆ ಕರ್ನಾಟಕದಲ್ಲಿ ಕಲ್ಲಿನ ಸಾಕ್ಷ್ಯವಿದೆ. ನಾಗಮಂಗಲ, ಕೃಷ್ಣರಾಜಪೇಟೆಗಳ ನೆರೆಯಲ್ಲಿಯೇ ಇರುವ ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಸಮಾಧಿಮರಣದ ಶಾಸನಗಳು ಬಹಳ. ವಿಷ್ಣುವರ್ಧನನ ರಾಣಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ಮುಡಿಪಿದ ಮೇಲೆ ಅವಳ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಒಂದು ತಿಂಗಳ ಅನಶನದಿಂದ ದೇಹ ಬಿಟ್ಟಳು; ಪ್ರಭಾಚಂದ್ರ, ವರ್ಧಮಾನ, ರವಿಚಂದ್ರರೆಂಬ ಗುರುಗಳ ಸನ್ನಿಧಿಯಲ್ಲಿ ಅದು ನಡೆಯಿತೆಂದು ಶಾಸನ ಹೇಳುತ್ತದೆ. ಅಂಥ ವೇಳೆಯಲ್ಲಿ ನೆರವಾಗುವವನಿಗೆ ನಿರ್ಯಾಪಕನೆಂದು ಹೆಸರು. ಹೊಳೆ ದಾಟಿಸುವವನ ಧ್ವನಿ ಆ ಮಾತಿನಲ್ಲಿದೆ. ಆದರೆ ಸಮಾಧಿಯ ವೇಳೆಯಲ್ಲಿ ಮಾತ್ರ ನಿರ್ಯಾಪಕನನ್ನು ನೆನೆದು, ಬದುಕಿನ ಅರುವತ್ತು ಎಪ್ಪತ್ತು ವರ್ಷ ಹರಿಗೋಲನ್ನು ಸುಳಿಗೆ ಬಿಡುವುದು ಯಾವ ನ್ಯಾಯ?

ಇಂದಿನ ಸ್ಥಿತಿಯನ್ನು ಕಂಡದ್ದನ್ನು ಕಂಡಂತೆ ಹೇಳಬೇಕಾಗಿದೆ. ಪ್ರತಿಕ್ರಮಣ ಪಾಠವನ್ನು ಪ್ರಾಕೃತದಲ್ಲಿ ಓದುತ್ತಾರೆ. ಓದುವವರಿಗೂ ಕೇಳುವವರಿಗೂ ಬಹುಪಾಲು ಅರ್ಥವಾಗುವುದಿಲ್ಲ. ಕ್ಷಮಾವಣಿಯ ದಿನ ಬೆಳಗಾಗುವುದರೊಳಗೆ ವಾಟ್ಸ್‌ಆ್ಯಪ್‌ನಲ್ಲಿ ಒಂದೇ ಚಿತ್ರ, ಒಂದೇ ವಾಕ್ಯ ನೂರಾರು ಮಂದಿಗೆ ಹೋಗಿರುತ್ತದೆ. ಯಾರಿಗೆ ನಿಜವಾಗಿಯೂ ಅನ್ಯಾಯವಾಗಿದೆಯೋ ಅವರಿಗೂ ಹೋಗಿರುತ್ತದೆ, ಉಳಿದವರ ಜೊತೆಯಲ್ಲಿ. ಶಬ್ದಾಕುಲಿತಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಪ್ರಾಚೀನರಿಗೆ ಸಿಕ್ಕಿರಲಾರದು. ಪ್ರಾಕೃತ ಪಾಠವನ್ನು ಕೈಬಿಡಬೇಕೆಂದು ಇದರ ಅರ್ಥವಲ್ಲ. ಆ ಪಾಠದ ನಾದದಲ್ಲಿಯೂ ಒಂದು ಶಾಂತಿಯಿದೆ. ಆದರೆ ಪಾಠ ಮುಗಿದೊಡನೆ ಪರೀಕ್ಷೆಯೂ ಮುಗಿಯಿತೆಂದು ಭಾವಿಸುವುದು ಪ್ರಶ್ನಪತ್ರಿಕೆಯನ್ನು ಗಟ್ಟಿಯಾಗಿ ಓದಿ ಎದ್ದುಬಂದಂತೆ.

ಮುನಿಸಂಘಗಳು ಎಲ್ಲ ಊರುಗಳಲ್ಲಿಯೂ ಚಾತುರ್ಮಾಸ ಮಾಡಲಾರವು. ಮಾಡಿದಲ್ಲಿಯೂ ನೂರಾರು ಜನರ ನಡುವೆ ಒಬ್ಬ ಗೃಹಸ್ಥನ ಅಂಗಡಿಯ ಸಂಕಟವನ್ನು ಕೇಳಲು ಹೊತ್ತು ಸಾಲದು. ಹಾಗಾದರೆ ಗೃಹಸ್ಥನು ಯಾರ ಮುಂದೆ ಹೇಳಿಕೊಳ್ಳಬೇಕು? ಹತ್ತು ದೋಷಗಳಲ್ಲಿ ಕೊನೆಯ ಎರಡು ಇಲ್ಲಿ ಕತ್ತರಿಯ ಎರಡು ಅಲಗುಗಳಂತೆ ಕೂಡಿಬರುತ್ತವೆ. ವ್ಯಾಪಾರವನ್ನರಿಯದವರಿಗೆ ಹೇಳಿದರೆ ಅವ್ಯಕ್ತ. ಹೈಡ್ರೋಸ್ ಎಂದರೇನು, ದರ ಹೇಗೆ ನಿಲ್ಲುತ್ತದೆ, ಕಪ್ಪು ಬೆಲ್ಲ ತಂದವನ ಮಾಲು ಏಕೆ ಬಿಕರಿಯಾಗುವುದಿಲ್ಲ ಎಂಬುದು ತಿಳಿಯದವರು ‘ಬಿಟ್ಟುಬಿಡು’ ಎನ್ನುತ್ತಾರೆ, ಇಲ್ಲವೆ ‘ಇರಲಿ ಬಿಡು’ ಎನ್ನುತ್ತಾರೆ. ಎರಡೂ ನಿರ್ದೇಶನವಲ್ಲ. ವ್ಯಾಪಾರವನ್ನರಿತವರಿಗೆ ಹೇಳಿದರೆ ಅವರು ಪಕ್ಕದ ಅಂಗಡಿಯವರೇ ಆಗಿರುತ್ತಾರೆ. ‘ಎಲ್ಲರೂ ಮಾಡುವುದೇ’ ಎಂಬ ಸಮಾಧಾನ ಅಲ್ಲಿ ಪುಕ್ಕಟೆಯಾಗಿ ಸಿಗುತ್ತದೆ. ಅದು ತತ್ಸೇವಿ. ವೈದ್ಯರು, ಗುತ್ತಿಗೆದಾರರು, ಅಧಿಕಾರಿಗಳು, ಎಲ್ಲ ವೃತ್ತಿಯವರೂ ಈ ಇಕ್ಕಟ್ಟಿನಲ್ಲಿದ್ದಾರೆ. ಧರ್ಮವು ವೃತ್ತಿಯ ಒಳಗೆ ಇಳಿಯದೆ ಬಸದಿಯ ಹೊಸ್ತಿಲಲ್ಲಿಯೇ ನಿಂತುಬಿಡುವುದಕ್ಕೆ ಬಹುಶಃ ಇದೇ ಕಾರಣ.

ಈ ಇಕ್ಕಟ್ಟನ್ನು ದಾಟಿದ ಒಂದು ನಿದರ್ಶನ ಇತಿಹಾಸದಲ್ಲಿದೆ. 1891ರಲ್ಲಿ ಇಂಗ್ಲೆಂಡಿನಿಂದ ಮರಳಿದ ಮೋಹನದಾಸ ಗಾಂಧಿಯವರು ಮುಂಬಯಿಯಲ್ಲಿ ಶ್ರೀಮದ್ ರಾಜಚಂದ್ರರನ್ನು ಕಂಡರು. ರಾಜಚಂದ್ರರಿಗೆ ಆಗ ಇಪ್ಪತ್ತಮೂರರ ಹರೆಯ, ಮುತ್ತುರತ್ನಗಳ ವ್ಯಾಪಾರಿ. ಲಕ್ಷಾಂತರ ರೂಪಾಯಿಯ ವ್ಯವಹಾರದ ಮಾತು ಮುಗಿದೊಡನೆ ಗಾದಿಯ ಮೇಲೆಯೇ ಧರ್ಮಗ್ರಂಥವನ್ನೋ ತಮ್ಮ ದಿನಚರಿಯನ್ನೋ ತೆರೆಯುತ್ತಿದ್ದರೆಂದು ಗಾಂಧಿಯವರು ಬರೆದಿದ್ದಾರೆ. 1894ರಲ್ಲಿ ದಕ್ಷಿಣ ಆಫ್ರಿಕದಲ್ಲಿದ್ದಾಗ ಗಾಂಧಿಯವರು ಅವರಿಗೆ 27 ಪ್ರಶ್ನೆಗಳನ್ನು ಬರೆದು ಕಳಿಸಿದರು. ಆತ್ಮವೆಂದರೇನು ಎಂಬಲ್ಲಿಂದ ಹೊರಟ ಆ ಪ್ರಶ್ನೆಗಳ ಕೊನೆಯಲ್ಲಿ ಒಂದು ಹೀಗಿತ್ತು: ಹಾವು ಕಚ್ಚಲು ಬಂದರೆ ಕಚ್ಚಗೊಡಬೇಕೋ ಕೊಲ್ಲಬೇಕೋ? ಕಚ್ಚಗೊಡು ಎಂದು ಹೇಳಲು ರಾಜಚಂದ್ರರು ಹಿಂಜರಿದರು. ಕೊಲ್ಲು ಎಂದೂ ಹೇಳಲಿಲ್ಲ. ದೇಹ ಅನಿತ್ಯವೆಂದು ನೀನು ನಿಜವಾಗಿ ಅರಿತಿದ್ದರೆ, ಅದನ್ನು ಉಳಿಸಿಕೊಳ್ಳಲು, ದೇಹದ ಮೇಲೆ ಆಸೆಯಿರುವ ಇನ್ನೊಂದು ಜೀವವನ್ನು ಹೇಗೆ ಕೊಂದೀಯೆ ಎಂಬುದು ಅವರ ಉತ್ತರದ ತಿರುಳು. ‘ಅರಿತಿದ್ದರೆ’ ಎಂಬ ಆ ಒಂದು ಮಾತಿನಿಂದ ಪ್ರಶ್ನೆ ಹಾವಿನಿಂದ ಹೊರಳಿ ಕೇಳಿದವನ ಕಡೆಗೆ ತಿರುಗಿತು. ಇಷ್ಟಾಗಿಯೂ ಗಾಂಧಿಯವರು ಅವರನ್ನು ಹೃದಯದ ಗುರುಪೀಠದಲ್ಲಿ ಕೂರಿಸಲಿಲ್ಲ; ಆ ಪೀಠ ಖಾಲಿಯಾಗಿಯೇ ಉಳಿಯಿತೆಂದು ಆತ್ಮಕಥೆಯಲ್ಲಿ ಸ್ಪಷ್ಟಪಡಿಸಿದ್ದಾರೆ. ಮಾರ್ಗದರ್ಶನ ಪಡೆಯಲು ಅದು ಅಡ್ಡಿಯಾಗಲಿಲ್ಲ. ರಾಜಚಂದ್ರರು ವ್ಯವಹಾರ ಬಲ್ಲವರಾದುದರಿಂದ ಅವ್ಯಕ್ತರಲ್ಲ, ಅದಕ್ಕೆ ಅಂಟದವರಾದುದರಿಂದ ತತ್ಸೇವಿಯೂ ಅಲ್ಲ.

ಅವರಂಥವರು ಊರಿಗೊಬ್ಬರು ಸಿಗುವುದಿಲ್ಲ, ನಿಜ. ಆದರೆ ವ್ಯವಹಾರವನ್ನು ನಲವತ್ತು ವರ್ಷ ನಡೆಸಿ, ಮಕ್ಕಳಿಗೊಪ್ಪಿಸಿ, ಈಗ ಅದರ ಲಾಭನಷ್ಟದಿಂದ ದೂರವಾದ ಹಿರಿಯರು ಊರಿಗೊಬ್ಬಿಬ್ಬರಾದರೂ ಇದ್ದಾರೆ. ಮನೆತನಗಳ ಒಳಗನ್ನು ಬಲ್ಲ, ಆಡಿದ ಮಾತು ಹೊರಗೆ ಬಾರದ ಹಿರಿಯ ಶ್ರಾವಿಕೆಯರಿದ್ದಾರೆ. ಬಸದಿಗಳ ಟ್ರಸ್ಟುಗಳು ಜೀರ್ಣೋದ್ಧಾರಕ್ಕೆ ತೋರುವ ಶ್ರದ್ಧೆಯಲ್ಲಿ ಸ್ವಲ್ಪವನ್ನು ಇತ್ತ ತಿರುಗಿಸಬಹುದು. ಅಣುವ್ರತಗಳ ಅತಿಚಾರಗಳನ್ನು ಇಂದಿನ ವೃತ್ತಿಗಳಿಗೆ ಹೊಂದುವಂತೆ ತಿಳಿಗನ್ನಡದ ಪ್ರಶ್ನೆಗಳಾಗಿ ಒಂದು ಹಾಳೆಯಲ್ಲಿ ಅಚ್ಚುಮಾಡಿಸಿ ಮನೆಮನೆಗೆ ಕೊಡಬಹುದು. ಚತುರ್ದಶಿಯ ಸಂಜೆ ಅದನ್ನು ಒಟ್ಟಿಗೆ ಕುಳಿತು ಓದಿ, ಪ್ರಶ್ನೆಗಳ ಅರ್ಥವನ್ನು ಮಾತ್ರ ಚರ್ಚಿಸಬಹುದು. ಉತ್ತರಗಳನ್ನು ಸಭೆಯಲ್ಲಿ ಹೇಳಿಸಬಾರದು. ಹೇಳಿಸಿದರೆ ಅದು ಶಬ್ದಾಕುಲಿತವಾಗುತ್ತದೆ, ಎರಡನೆಯ ವಾರಕ್ಕೆ ಜನರು ಬರುವುದನ್ನೂ ನಿಲ್ಲಿಸುತ್ತಾರೆ. ಉತ್ತರ ಹೇಳಬೇಕೆನಿಸಿದವನು ತಾನು ನಂಬಿದ ಒಬ್ಬ ಹಿರಿಯರ ಬಳಿಗೆ ಒಬ್ಬನೇ ಹೋಗಲಿ. ಆ ಹಿರಿಯರು ಟ್ರಸ್ಟಿನ ಪದಾಧಿಕಾರಿಗಳಲ್ಲದಿದ್ದರೆ ಮೇಲು, ಏಕೆಂದರೆ ಮುಂದಿನ ಚುನಾವಣೆಯಲ್ಲಿ ಕೇಳಿದ ಮಾತು ನೆನಪಾಗುವ ಸಂಭವವಿರುತ್ತದೆ. ಕೇಳಿದವರು ಏನನ್ನೂ ಬರೆದಿಡಬಾರದು. ಬೆಲ್ಲದ ವ್ಯಾಪಾರಿ ಬಂದರೆ ಅವನಿಗೆ ಮೊದಲು ಉಪವಾಸ ಹೇಳಬೇಕಾಗಿಲ್ಲ; ನಾಳೆ ಬೆಳಿಗ್ಗೆ ಗೋದಾಮಿನಲ್ಲಿರುವ ಆ ದಾಸ್ತಾನಿನ ಮೇಲೆ ಯಾವ ಚೀಟಿ ಅಂಟಿಸುತ್ತೀಯೆಂದು ಕೇಳಿದರೆ ಸಾಕು.